ಅರವತ್ತೊಂದು ನಾರ್ಮಲ್ ಆಗಿತ್ತು

ಕೋಲಾರದ ಕಡೆ ಕಿಡ್ನಿಯಲ್ಲಿ ಕಲ್ಲಾಯಿತು ಎಂದರೆ ಯಾರೂ ಹೌಹಾರುವುದಿಲ್ಲ. ‘ಬೋರ್‌ವೆಲ್ ನೀರು’ ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಸಾವಿರ, ಸಾವಿರದಿನ್ನೂರು ಅಡಿಯಿಂದ ಬರುವ ನೀರಿನ ಮೇಲೆ ಯಾವ ಆರೋಪ ಹೊರಿಸಿದರೂ ಅದು ಎದುರಾಡುವುದಿಲ್ಲ. ಮಂಡಿ ನೋವು ನೀರಿನಿಂದ, ಹಲ್ಲಿನ ಕಂದು ಕಲೆ ನೀರಿನಿಂದ, ಕೂದಲು ಉದುರುವುದು ನೀರಿನಿಂದ. ಹಲ್ಲಿನ ಮಾತು ಸುಳ್ಳಲ್ಲ, ಜಿಲ್ಲೆಯ ಎಷ್ಟೋ ಊರುಗಳ ನೀರಿನಲ್ಲಿ ಫ್ಲೋರೈಡ್ ಇದೆ. 2018ರಲ್ಲಿ ನನಗೆ ಮೊದಲ ಕಲ್ಲು ಬಂತು. ಆ ವರ್ಷವೇ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು, ನಮ್ಮ ಕಡೆಯ ಕೆರೆಗಳಿಗೆ ಹರಿಯತೊಡಗಿದ್ದರಿಂದ ಬೈಯಲು ಇನ್ನೊಂದು ನೀರೂ ಸಿಕ್ಕಿತ್ತು. ಎರಡನ್ನೂ ಬೈದು, ಮೂರು ವಾರ ಬಾಳೆದಿಂಡಿನ ರಸ ಕುಡಿದು, ಕಲ್ಲು ಹೊರಬಿದ್ದ ಮೇಲೆ ಕೋಲಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ ಸುಮ್ಮನಾದೆ. ಮನೆಯಲ್ಲಿ ಎಂಟು ವರ್ಷದಿಂದ ಕುಡಿಯುತ್ತಿದ್ದದ್ದು ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಎಂಬುದು ಆಗ ಯಾರ ತಲೆಗೂ ಬರಲಿಲ್ಲ, ನನ್ನ ತಲೆಗೂ ಬರಲಿಲ್ಲ.

ನಾನು ಶ್ರೀನಿವಾಸಪುರ ರಸ್ತೆಯ ಒಂದು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಊರವರ ಬಾಯಲ್ಲಿ ‘ಡೇರಿ ಅಕ್ಕ’. ಇಪ್ಪತ್ತೆರಡು ವರ್ಷಗಳಿಂದ ಬೆಳಗ್ಗೆ, ಸಂಜೆ ಹಾಲು ಪರೀಕ್ಷೆ ಮಾಡುತ್ತಿದ್ದೇನೆ. ಆಸಿಡ್ ಹಾಕಿ ಗಾಜಿನ ಬ್ಯುಟಿರೋಮೀಟರ್ ತಿರುಗಿಸಿ ಫ್ಯಾಟ್ ನೋಡುತ್ತಿದ್ದ ಕಾಲದಿಂದ, ಬಟನ್ ಒತ್ತಿದರೆ ಯಂತ್ರವೇ ಚೀಟಿ ಕೊಡುವ ಈ ಕಾಲದವರೆಗೆ. ನಮ್ಮ ಮನೆಯವರಿಗೆ ಎರಡು ಎಕರೆ ಟೊಮೆಟೊ. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. 2021ರಲ್ಲಿ ಎರಡನೆಯ ಕಲ್ಲು ಬಂದು, ಮೂತ್ರನಾಳದಲ್ಲಿ ಸಿಕ್ಕಿಕೊಂಡು, ಲೇಸರ್‌ನಿಂದ ಪುಡಿ ಮಾಡಿಸಿ, ಒಳಗೆ ಸ್ಟೆಂಟ್ ಹಾಕಿಸಿಕೊಂಡು ಹೊರಟಾಗ ಡಾಕ್ಟರು ಕೊಟ್ಟ ಪಥ್ಯ ಹೀಗಿತ್ತು: ಟೊಮೆಟೊ ಬಿಡಿ, ಹಾಲು ಬಿಡಿ, ರಾಗಿ ಕಡಿಮೆ ಮಾಡಿ. ಕೋಲಾರದವಳಿಗೆ ಈ ಮೂರನ್ನೂ ಬಿಡು ಎನ್ನುವುದೂ ಒಂದೇ, ಊರು ಬಿಡು ಎನ್ನುವುದೂ ಒಂದೇ. ಆದರೂ ಬಿಟ್ಟೆ. ಎಂಟು ತಿಂಗಳು ಅನ್ನ, ಸೋರೆಕಾಯಿ ಸಾರು. ಊಟದ ಕ್ಯಾಲ್ಸಿಯಂ ಕಡಿತ ಮಾಡುವುದರಿಂದ ಕಲ್ಲು ತಪ್ಪುವುದಿಲ್ಲ, ಎಷ್ಟೋ ಬಾರಿ ಉಲ್ಟಾ ಆಗುತ್ತದೆ ಎಂದು ತಿಳಿದಾಗ ನಾನು ಹಾಲಿಲ್ಲದ ಕಾಫಿಗೆ ಒಗ್ಗಿಹೋಗಿದ್ದೆ.

ಆ ಆಸ್ಪತ್ರೆಯ ಕಡತದಲ್ಲಿ ರಕ್ತದ ಕ್ಯಾಲ್ಸಿಯಂ 10.6 ಎಂದು ಇತ್ತು. ಮೇಲಿನ ಮಿತಿ 10.5. ಪಕ್ಕದಲ್ಲಿ ಇರುವೆಯಷ್ಟು ಸಣ್ಣದೊಂದು ಗುರುತು. ಅದನ್ನು ನಾನು ಕಂಡದ್ದು ಎರಡು ವರ್ಷಗಳ ನಂತರ.

ಕಲ್ಲು ಹೋದರೂ ನಾನು ಸರಿಹೋಗಲಿಲ್ಲ. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ, ತೊಡೆಯಲ್ಲಿ ರಾತ್ರಿ ಹೊತ್ತು ಒಳಗಿನಿಂದ ಹಿಂಡಿದಂತೆ ನೋವು. ಮೂರು ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗಬೇಕು, ಎದ್ದಾಗಲೆಲ್ಲ ಒಂದು ಚೊಂಬು ನೀರು ಬೇಕು. ಮಲಬದ್ಧತೆ. ಮಧ್ಯಾಹ್ನ ಊಟದ ತಟ್ಟೆ ಎತ್ತಿಡಲೂ ಆಗದಷ್ಟು ಸುಸ್ತು. ಇವೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಮರೆವು. ಒಂದು ಬೆಳಗ್ಗೆ ಸದಸ್ಯನೊಬ್ಬನ ಹಾಲಿನ ಫ್ಯಾಟ್ 3.9 ಬಂದದ್ದನ್ನು ರಿಜಿಸ್ಟರಿನಲ್ಲಿ 9.3 ಎಂದು ಬರೆದೆ. ಅವನು ಚೀಟಿ ನೋಡಿ, ‘ಅಕ್ಕಾ, ರಾತ್ರೋರಾತ್ರಿ ನನ್ನ ಹಸು ಎಮ್ಮೆಯಾಯಿತೇ?’ ಎಂದು ನಕ್ಕ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇಪ್ಪತ್ತೆರಡು ವರ್ಷಗಳಲ್ಲಿ ಅಂಕಿ ತಿರುಗಾಮುರುಗಾ ಬರೆದವಳಲ್ಲ ನಾನು.

ತೋರಿಸಿದ ಕಡೆಯೆಲ್ಲ ಒಂದೊಂದು ಹೆಸರು ಸಿಕ್ಕಿತು. ಮುಟ್ಟು ನಿಲ್ಲುವ ಕಾಲ, ಹೀಗೇ ಇರುತ್ತದೆ ಎಂದರು ಒಬ್ಬರು. ಫ್ಲೋರೈಡ್ ಮೂಳೆಗೆ ಇಳಿದಿದೆ ಎಂದರು ಮತ್ತೊಬ್ಬರು. ಈ ಜಿಲ್ಲೆಯಲ್ಲಿ ಅದು ಅತಾರ್ಕಿಕ ಊಹೆಯೇನಲ್ಲ. ಟೆನ್ಷನ್ ಮಾಡಿಕೊಳ್ಳಬೇಡಿ ಎಂದರು ಮೂರನೆಯವರು, ನನಗೆ ಟೆನ್ಷನ್ ಬರುವ ಹಾಗೆ ಗಡಿಯಾರ ನೋಡುತ್ತ. ಥೈರಾಯ್ಡ್ ಪರೀಕ್ಷೆ ನಾಲ್ಕು ಸಲ ಆಯಿತು, ನಾಲ್ಕು ಸಲವೂ ನಾರ್ಮಲ್. ಥೈರಾಯ್ಡ್‌ನ ಬೆನ್ನಿಗೆ ಅಕ್ಕಿಕಾಳಿನಷ್ಟು ದೊಡ್ಡ, ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಬೇರೆ ಗ್ರಂಥಿಗಳು ಅಂಟಿಕೊಂಡಿವೆ, ಅವಕ್ಕೂ ಥೈರಾಯ್ಡ್‌ಗೂ ಹೆಸರಿನ ನಂಟು ಬಿಟ್ಟರೆ ಕೆಲಸದ ನಂಟಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

2022ರ ಜೂನ್‌ನಲ್ಲಿ ಸಂಘದಿಂದ ಒಂದು ಆರೋಗ್ಯ ತಪಾಸಣೆ ಶಿಬಿರ ಮಾಡಿಸಿದೆವು. ನನ್ನ ವರದಿಯಲ್ಲಿ ಕ್ಯಾಲ್ಸಿಯಂ 10.9. ಗೊಂದಲ ಶುರುವಾದದ್ದು ಅಲ್ಲಿಂದ.

ಮುಂದಿನ ತಿಂಗಳು ಮತ್ತೆ ಪರೀಕ್ಷಿಸಿದರೆ 10.3. ‘ಸರಿಹೋಯಿತಲ್ಲ, ಶಿಬಿರದ ಲ್ಯಾಬು ತಪ್ಪು ಮಾಡಿರಬೇಕು’ ಎಂದರು. ಆಗಷ್ಟೇ ನಾನು ಹತ್ತು ದಿನ ಜ್ವರ ಬಂದು ಎದ್ದಿದ್ದೆ. ಅದೇ ವರದಿಯಲ್ಲಿ ಅಲ್ಬುಮಿನ್ 3.4ಕ್ಕೆ ಇಳಿದಿತ್ತು. ರಕ್ತದ ಕ್ಯಾಲ್ಸಿಯಂನಲ್ಲಿ ಹತ್ತಿರ ಹತ್ತಿರ ಅರ್ಧ ಈ ಅಲ್ಬುಮಿನ್ ಎಂಬ ಪ್ರೋಟೀನಿನ ಬೆನ್ನೇರಿ ಓಡಾಡುತ್ತದೆ. ಅದು ಕಡಿಮೆಯಾದಾಗ ಒಟ್ಟು ಲೆಕ್ಕವೂ ಕಡಿಮೆ ಕಾಣುತ್ತದೆ. ಅಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದಕ್ಕೆ 0.8ರಿಂದ ಗುಣಿಸಿ ಕೂಡಿಸಬೇಕು. ಕೂಡಿಸಿದರೆ 10.8 ಆಗುತ್ತದೆ. ಅಂದರೆ ಏನೂ ಇಳಿದಿರಲಿಲ್ಲ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್‌ನ ರೀಡಿಂಗನ್ನು ಹಾಲಿನ ಉಷ್ಣತೆಗೆ ತಕ್ಕಂತೆ ತಿದ್ದದೆ ರಿಜಿಸ್ಟರಿಗೆ ಏರಿಸಿದರೆ ನನ್ನ ಮೇಲಧಿಕಾರಿ ನನಗೆ ನೋಟಿಸ್ ಕೊಡುತ್ತಾರೆ. ಇಲ್ಲಿ ಯಾರೂ ತಿದ್ದಲಿಲ್ಲ.

ಆಗಸ್ಟ್‌ನಲ್ಲಿ ಒಬ್ಬ ಫಿಸಿಶಿಯನ್ ಪ್ಯಾರಾಥೈರಾಯ್ಡ್ ಹಾರ್ಮೋನ್, ಅಂದರೆ ಪಿಟಿಎಚ್, ಮತ್ತು ವಿಟಮಿನ್ ಡಿ ಬರೆದರು. ಆ ಹೆಸರನ್ನು ಮೊದಲು ಬರೆದವರು ಅವರೇ, ಅದಕ್ಕೆ ಇವತ್ತಿಗೂ ಕೃತಜ್ಞಳಾಗಿದ್ದೇನೆ. ಪಿಟಿಎಚ್ 88 ಬಂತು. ಮಿತಿ 15ರಿಂದ 65. ವಿಟಮಿನ್ ಡಿ 11, ತೀರಾ ಕಡಿಮೆ. ‘ಡಿ ಕಡಿಮೆಯಾದಾಗ ಪಿಟಿಎಚ್ ಏರುತ್ತದಮ್ಮಾ, ಡಿ ತುಂಬಿಸಿದರೆ ಇಳಿಯುತ್ತದೆ’ ಎಂದರು. ಮಾತು ಸರಿಯೇ. ವಾರಕ್ಕೊಂದರಂತೆ 60,000 ಯೂನಿಟ್‌ನ ಎಂಟು ಗುಳಿಗೆ ನುಂಗಿದೆ. ಡಿ 34ಕ್ಕೆ ಬಂತು. ಪಿಟಿಎಚ್ ಹೇಳಿದ ಹಾಗೆಯೇ ಇಳಿದು 61 ಆಯಿತು. ಮಿತಿಯೊಳಗೆ. ದಪ್ಪ ಅಕ್ಷರವಿಲ್ಲ, ಗುರುತಿಲ್ಲ. ಅದೇ ದಿನ ತೆಗೆದ ರಕ್ತದಲ್ಲಿ ಕ್ಯಾಲ್ಸಿಯಂ 11.1. ‘ಪಿಟಿಎಚ್ ನಾರ್ಮಲ್, ಹಾಗಾಗಿ ಪ್ಯಾರಾಥೈರಾಯ್ಡ್ ಅಲ್ಲ. ಗುಳಿಗೆಯಿಂದ ಕ್ಯಾಲ್ಸಿಯಂ ಏರಿದೆ, ನಿಲ್ಲಿಸಿ’ ಎಂದರು.

ಆ ವರದಿಯನ್ನು ಹಿಡಿದುಕೊಂಡು ಕೋಲಾರದ ಬಸ್ ನಿಲ್ದಾಣದಲ್ಲಿ ಕುಳಿತಿದ್ದು ನೆನಪಿದೆ. ನಾರ್ಮಲ್ ಎಂದರೆ ಖುಷಿಯಾಗಬೇಕು. ಮೈಯೆಲ್ಲ ನೋಯುತ್ತಿರುವಾಗ ನಾರ್ಮಲ್ ಎಂದರೆ, ನೋವು ನಿನ್ನ ತಲೆಯಲ್ಲಿದೆ ಎಂದು ಹೇಳಿ ಕಳುಹಿಸಿದ ಹಾಗಿರುತ್ತದೆ.

ಇನ್ನೂ ಎರಡು ತೊಡಕು ಉಳಿದಿದ್ದವು. 2023ರ ಫೆಬ್ರವರಿಯಲ್ಲಿ ಬೇರೆ ಕಡೆ ಪಿಟಿಎಚ್ ಮಾಡಿಸಿದಾಗ 34 ಬಂತು. 88, 61, 34! ‘ತಾನಾಗಿಯೇ ಇಳಿಯುತ್ತಿದೆ, ಬಿಟ್ಟುಬಿಡಿ.’ ಬೇರೆ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಾಗ ಬಿ.ಪಿ. ಮಾತ್ರೆ ಒಂದೇ ಎಂದಿದ್ದೆ. ನಾದಿನಿ ಕೊಡಿಸಿದ್ದ ಕೂದಲಿನ ಮಾತ್ರೆಯನ್ನು ನಾನು ಮಾತ್ರೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದರಲ್ಲಿ ಬಯೋಟಿನ್ ಎಂಬ ವಿಟಮಿನ್ ಇತ್ತು, ದಿನಕ್ಕೆ ಹತ್ತು ಮಿಲಿಗ್ರಾಂ. ಕೆಲವು ಲ್ಯಾಬ್‌ಗಳ ಪಿಟಿಎಚ್ ಪರೀಕ್ಷೆ ನಡೆಯುವ ವಿಧಾನದಲ್ಲೇ ಬಯೋಟಿನ್ ಬಳಕೆ ಇರುತ್ತದೆ. ರಕ್ತದಲ್ಲಿ ಅದು ವಿಪರೀತ ಇದ್ದರೆ ಯಂತ್ರ ಮೋಸಹೋಗಿ ಪಿಟಿಎಚ್ ಕಡಿಮೆ ತೋರಿಸುತ್ತದೆ. ಸಾಲದ್ದಕ್ಕೆ ಅಂದು ರಕ್ತ ಕೊಟ್ಟದ್ದು ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಮೂರಕ್ಕೆ ಬೆಂಗಳೂರಿಗೆ ಹೊರಡುವ ಹುಡುಗನ ಬೈಕಿನ ಪೆಟ್ಟಿಗೆಗೆ ಅದು ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಪಿಟಿಎಚ್ ಹಾಲಿನಂತೆ ಕೆಡುವ ವಸ್ತು, ಬೇಗ ಬೇರ್ಪಡಿಸಿ ತಣ್ಣಗಿಡಬೇಕು. ಕರೆದ ಹಾಲನ್ನು ಏಳು ಗಂಟೆ ಹೊರಗಿಟ್ಟು ತಂದರೆ ನಾನು ಕ್ಯಾನಿಗೆ ಸುರಿಯಲು ಬಿಡುತ್ತೇನೆಯೇ?

ಇನ್ನೊಂದು, ಆ ಬಿ.ಪಿ. ಮಾತ್ರೆ. ಅದರಲ್ಲಿ ಹೈಡ್ರೋಕ್ಲೋರೋಥಯಝೈಡ್ ಬೆರೆತಿತ್ತು. ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಂ ಅನ್ನು ಅದು ತಡೆದು ರಕ್ತದಲ್ಲೇ ಉಳಿಸುತ್ತದೆ. ಇದನ್ನು ಪತ್ತೆ ಹಚ್ಚಿದ್ದು ಕೋಲಾರದಲ್ಲೇ ಒಬ್ಬ ವಯಸ್ಸಾದ ಡಾಕ್ಟರು. ಮಾತ್ರೆ ಬದಲಾಯಿಸಿ, ‘ಮೂರು ತಿಂಗಳು ಬಿಟ್ಟು ನೋಡೋಣ. ಆಗಲೂ ಇಳಿಯದಿದ್ದರೆ ಮಾತ್ರೆಯದು ತಪ್ಪಿಲ್ಲ’ ಎಂದರು. ಮೂರು ತಿಂಗಳ ನಂತರ 10.8. ಅವರು ತಲೆಯಾಡಿಸಿ, ‘ಬೆಂಗಳೂರಿನಲ್ಲಿ ಹಾರ್ಮೋನ್ ತಜ್ಞರಿಗೆ ತೋರಿಸಿ. ಎಲ್ಲ ರಿಪೋರ್ಟ್ ತೆಗೆದುಕೊಂಡು ಹೋಗಿ, ಒಂದನ್ನೂ ಬಿಡಬೇಡಿ’ ಎಂದರು.

ಎಲ್ಲ ರಿಪೋರ್ಟ್ ಎಂದರೆ ಒಂದು ಪ್ಲಾಸ್ಟಿಕ್ ಕವರ್ ತುಂಬ ಇದ್ದವು. ಅದನ್ನು ಯಾವ ಡಾಕ್ಟರು ಪೂರ್ತಿ ತೆರೆದು ನೋಡುತ್ತಾರೆ? ಒಂದು ಭಾನುವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಂಘದ ಹಳೆಯ ರಿಜಿಸ್ಟರಿನ ಒಂದು ಹಾಳೆಗೆ ಗೆರೆ ಎಳೆದೆ. ತಾರೀಕು, ಕ್ಯಾಲ್ಸಿಯಂ, ಅಲ್ಬುಮಿನ್, ಪಿಟಿಎಚ್, ವಿಟಮಿನ್ ಡಿ, ಆಗ ನುಂಗುತ್ತಿದ್ದ ಮಾತ್ರೆ. ಮಗಳು ಓದಿದಳು, ನಾನು ಬರೆದೆ. 2021ರ ಆ 10.6 ಕಣ್ಣಿಗೆ ಬಿದ್ದದ್ದು ಆಗ. ಬರೆದು ಮುಗಿಸಿದ ಮೇಲೆ ಇನ್ನೊಂದು ವಿಷಯ ಕಂಡಿತು. ಹದಿನಾಲ್ಕು ಸಾಲುಗಳಲ್ಲಿ ಪಿಟಿಎಚ್ ಮತ್ತು ಕ್ಯಾಲ್ಸಿಯಂ ಎರಡೂ ಒಂದೇ ದಿನದ್ದು ಇದ್ದ ಸಾಲು ಒಂದೇ ಒಂದು. ಆ 61ರ ಸಾಲು. ಉಳಿದ ಕಡೆ ಇದು ಈ ತಿಂಗಳದ್ದು, ಅದು ಮುಂದಿನ ತಿಂಗಳದ್ದು. ಬೆಳಗಿನ ಹಾಲಿನ ಫ್ಯಾಟ್ ತೆಗೆದುಕೊಂಡು ಸಂಜೆ ಹಾಲಿನ ಡಿಗ್ರಿ, ಅಂದರೆ ಲ್ಯಾಕ್ಟೋಮೀಟರ್ ರೀಡಿಂಗ್, ಜೊತೆ ಹೊಂದಿಸಿ ಬಿಲ್ಲು ಮಾಡಿದಂತೆ.

ಮಗಳು ರಾತ್ರಿಯೆಲ್ಲ ಮೊಬೈಲಿನಲ್ಲಿ ಓದಿ ಏನೇನೋ ಹೇಳುತ್ತಿದ್ದಳು. ಈ ಗ್ರಂಥಿಯನ್ನು ಮೊಟ್ಟಮೊದಲು ಕಂಡದ್ದು ಮನುಷ್ಯನಲ್ಲಲ್ಲವಂತೆ. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದನ್ನು ಕೊಯ್ದ ರಿಚರ್ಡ್ ಓವೆನ್ ಎಂಬ ವಿಜ್ಞಾನಿಗೆ ಅದು ಕಾಣಿಸಿತಂತೆ. ಮನುಷ್ಯರಲ್ಲಿ ಗುರುತಿಸಿದ್ದು 1880ರಲ್ಲಿ, ಸ್ವೀಡನ್ನಿನ ಸ್ಯಾಂಡ್‌ಸ್ಟ್ರಾಮ್ ಎಂಬ ವಿದ್ಯಾರ್ಥಿ. ‘ಹಾಗಾದರೆ ನಮ್ಮ ಘೇಂಡಾಮೃಗಕ್ಕೂ ನನಗೂ ಒಂದೇ ಗತಿ’ ಎಂದೆ. ಅವಳು ಬಹಳ ದಿನಗಳ ಮೇಲೆ ನಕ್ಕಳು.

ಬೆಂಗಳೂರಿನ ಆ ಡಾಕ್ಟರು ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಕವರನ್ನು ಪಕ್ಕಕ್ಕಿಟ್ಟು ರಿಜಿಸ್ಟರಿನ ಹಾಳೆಯನ್ನು ಓದಿದರು. ಓದುತ್ತ ಪೆನ್ನಿನ ತುದಿಯನ್ನು 61ರ ಮೇಲೆ ಇಟ್ಟು ನಿಲ್ಲಿಸಿದರು.

‘ಇದನ್ನು ನಾರ್ಮಲ್ ಎಂದು ಯಾರು ಹೇಳಿದರಮ್ಮಾ?’

‘ಕಾಗದವೇ ಹೇಳುತ್ತದಲ್ಲ ಮೇಡಂ, 65ರವರೆಗೆ ಇರಬಹುದು ಎಂದು.’

‘ಕ್ಯಾಲ್ಸಿಯಂ ಸರಿಯಾಗಿದ್ದವರಿಗೆ 65ರವರೆಗೆ ಇರಬಹುದು. 11 ದಾಟಿದವರಿಗಲ್ಲ.’

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಈ ಗ್ರಂಥಿಗಳು ಪಿಟಿಎಚ್ ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ತರುತ್ತದೆ, ಕಿಡ್ನಿಯಲ್ಲಿ ಸೋರದಂತೆ ಹಿಡಿಯುತ್ತದೆ. ಕ್ಯಾಲ್ಸಿಯಂ ಏರಿದರೆ ಗ್ರಂಥಿಗಳು ಬಾಯಿ ಮುಚ್ಚಿಕೊಳ್ಳಬೇಕು. 11.1 ಇದ್ದ ದಿನ ಪಿಟಿಎಚ್ ತಳ ಕಚ್ಚಿರಬೇಕಿತ್ತು. ಗುಳಿಗೆಯಿಂದಲೇ ಕ್ಯಾಲ್ಸಿಯಂ ಏರಿದ್ದರೂ ತಳ ಕಚ್ಚಿರಬೇಕಿತ್ತು. 61 ಇದೆ ಎಂದರೆ ಒಂದು ಗ್ರಂಥಿಯಾದರೂ ಮಾತು ಕೇಳುತ್ತಿಲ್ಲ. ಹಿಂದಿನ 88ಕ್ಕೆ ವಿಟಮಿನ್ ಡಿ ಕೊರತೆ ಕಾರಣ ಎಂದಿದ್ದರಲ್ಲ, ಬರೀ ಆ ಕೊರತೆಯಾಗಿದ್ದರೆ ಕ್ಯಾಲ್ಸಿಯಂ ಕೆಳಗಿರಬೇಕಿತ್ತು ಅಥವಾ ಮಿತಿಯೊಳಗಿರಬೇಕಿತ್ತು, ಮೇಲಲ್ಲ. ಕೊರತೆ ಇದ್ದದ್ದು ನಿಜ. ಅದು ಕ್ಯಾಲ್ಸಿಯಂ ಅನ್ನು ಕೆಳಗೆ ಎಳೆಯುತ್ತಿತ್ತು, ಗ್ರಂಥಿ ಮೇಲಕ್ಕೆ ನೂಕುತ್ತಿತ್ತು. ಅದಕ್ಕೇ ಅದು ಮಿತಿಯ ಹೊಸ್ತಿಲಲ್ಲಿ ಹತ್ತಿ ಇಳಿದು ಆಡುತ್ತಿತ್ತು.

ಇದು ನನಗೆ ಹೊಸ ವಿದ್ಯೆಯಾಗಿರಲಿಲ್ಲ. ಹಾಲಿನ ಕೆನೆ ತೆಗೆದರೆ ಲ್ಯಾಕ್ಟೋಮೀಟರ್ ಮೇಲೇಳುತ್ತದೆ. ನೀರು ಬೆರೆಸಿದರೆ ಮುಳುಗುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಬೆರೆಸುವ ಚಾಲಾಕಿ ಇದ್ದಾನಲ್ಲ, ಅವನ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಎಲ್ಲಿ ನಿಲ್ಲಬೇಕೋ ಅಲ್ಲೇ, 28ಕ್ಕೇ ನಿಲ್ಲುತ್ತದೆ. ‘ನೋಡಕ್ಕಾ, ನಾರ್ಮಲ್’ ಎಂದು ಎದೆ ಉಬ್ಬಿಸುತ್ತಾನೆ. ಫ್ಯಾಟ್ ಪಕ್ಕದಲ್ಲಿಟ್ಟು ನೋಡಿದಾಗಲೇ ಕಳ್ಳತನ ಗೊತ್ತಾಗುವುದು. ಎಷ್ಟು ಜನರನ್ನು ಹೀಗೆ ಹಿಡಿದು ಜಗಳವಾಡಿದ್ದೇನೆ! ನನ್ನ ಮೈಯಲ್ಲೇ ಅದೇ ಆಟ ನಡೆಯುತ್ತಿದ್ದಾಗ, ಬರೀ ಡಿಗ್ರಿ ನೋಡಿ ಹಾಲು ಸುರಿಸಿಕೊಂಡವಳ ಹಾಗೆ ಒಂದು ವರ್ಷ ಕಳೆದಿದ್ದೆ. ಇದನ್ನು ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಲ್ಯಾಕ್ಟೋಮೀಟರಿನ ವಿಷಯವನ್ನು ಎರಡು ಸಲ ಹೇಳಿಸಿಕೊಂಡರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು.

ಬೇರೆ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲವೇ ಎಂದರೆ, ಇದೆ. ಆದರೆ ಒಬ್ಬೊಬ್ಬರು ಹೇಳಿದ ಒಂದೊಂದು ಮಾತನ್ನು ಬಿಡಿಯಾಗಿ ನೋಡಿದರೆ ತಪ್ಪು ಎನ್ನಲಾಗುವುದಿಲ್ಲ. ಡಿ ಕೊರತೆ ಇತ್ತು, ಬಿ.ಪಿ. ಮಾತ್ರೆ ಕ್ಯಾಲ್ಸಿಯಂ ಏರಿಸುವಂಥದ್ದೇ, ಫ್ಲೋರೈಡ್ ಊರಿನಲ್ಲಿದೆ. ನನ್ನ ಸಿಟ್ಟು ಇರುವುದು, ಗುರುತು ಬೀಳದ ಅಂಕಿಯನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ ಎಂಬುದರ ಮೇಲೆ.

ಮತ್ತೆ ಪರೀಕ್ಷೆಗಳು. ಕೂದಲಿನ ಮಾತ್ರೆ ಒಂದು ವಾರ ನಿಲ್ಲಿಸಿ, ಆಸ್ಪತ್ರೆಯ ಲ್ಯಾಬಿನಲ್ಲೇ, ಒಂದೇ ಚುಚ್ಚಿನಲ್ಲಿ, ತೋಳಿನ ಪಟ್ಟಿಯನ್ನು ಬಹಳ ಹೊತ್ತು ಬಿಗಿಯದೆ ರಕ್ತ ತೆಗೆದರು. ಕ್ಯಾಲ್ಸಿಯಂ 10.9, ಪಿಟಿಎಚ್ 94. ಅಲ್ಲಿಗೇ ಮುಗಿಯಲಿಲ್ಲ. ಇಪ್ಪತ್ನಾಲ್ಕು ಗಂಟೆಯ ಮೂತ್ರ ಹಿಡಿದು ತರಬೇಕು ಎಂದರು. ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ರಕ್ತದ ಕ್ಯಾಲ್ಸಿಯಂ ಸ್ವಲ್ಪ ಹೆಚ್ಚಿರುತ್ತದಂತೆ, ಪಿಟಿಎಚ್ ಕೂಡ ತಗ್ಗಿರುವುದಿಲ್ಲವಂತೆ, ನೋಡಲು ಥೇಟ್ ಇದೇ ಕಾಯಿಲೆ. ಆದರೆ ಅವರ ಮೂತ್ರದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಅಂಥವರ ಕುತ್ತಿಗೆ ಕೊಯ್ದರೆ ಕೊಯ್ದದ್ದೇ ಲಾಭ.

ಕೋಲಾರದ ಲ್ಯಾಬಿನವರು ತಳದಲ್ಲಿ ಸ್ವಲ್ಪ ಆಸಿಡ್ ಹಾಕಿದ ಐದು ಲೀಟರಿನ ಕ್ಯಾನ್ ಕೊಟ್ಟರು. ಆಸಿಡ್‌ಗೆ ನಾನು ಹೆದರುವವಳಲ್ಲ, ಅರ್ಧ ಆಯುಷ್ಯ ಅದರ ಜೊತೆ ಕಳೆದಿದ್ದೇನೆ. ಎದ್ದ ಕೂಡಲೇ ಮೊದಲನೆಯದನ್ನು ಚೆಲ್ಲಿ, ಆಮೇಲಿನದೆಲ್ಲವನ್ನೂ ಮರುದಿನ ಬೆಳಗಿನ ಮೊದಲನೆಯದರವರೆಗೆ ತುಂಬಿಸಬೇಕು. ತುಂಬಿಸಿದೆ, ಮೂರು ಲೀಟರ್ ದಾಟಿತು. ಅದನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬೆಳಗಿನ ಏಳೂವರೆಯ ಬಸ್ ಹತ್ತಿದೆ. ಜಾಗವಿಲ್ಲ. ಕಾಲಸಂದಿಯಲ್ಲಿ ಕ್ಯಾನ್ ಇಟ್ಟುಕೊಂಡು ನಿಂತೆ. ಪಕ್ಕದ ಸೀಟಿನ ಅಜ್ಜಿ ಚೀಲ ಮುಟ್ಟಿ ನೋಡಿ, ‘ತುಪ್ಪವೇನೇ ತಾಯಿ?’ ಎಂದರು. ನಾನು ಮಾತಾಡಲಿಲ್ಲ. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಪರಿಚಯದವನು. ‘ಏನು ಡೇರಿ ಅಕ್ಕಾ, ಸ್ಯಾಂಪಲ್ ಒಯ್ಯುತ್ತಿದ್ದೀರಾ?’ ಎಂದ. ‘ಹೌದಪ್ಪಾ, ಸ್ಯಾಂಪಲ್ಲೇ’ ಎಂದೆ. ಅವನು ಮರ್ಯಾದೆಯಿಂದ ಆ ಚೀಲವನ್ನು ತೆಗೆದು ಡ್ರೈವರಿನ ಹಿಂದೆ, ಅಲ್ಲಾಡದ ಜಾಗದಲ್ಲಿ ಇಟ್ಟ. ಕೋಲಾರ ಬರುವವರೆಗೂ ಅದರ ಮೇಲೊಂದು ಕಣ್ಣಿಟ್ಟಿದ್ದ.

ಅದರಲ್ಲಿ 342 ಮಿಲಿಗ್ರಾಂ ಕ್ಯಾಲ್ಸಿಯಂ ಇತ್ತು. ಹೆಂಗಸರಿಗೆ 250 ದಾಟಿದರೆ ಹೆಚ್ಚು. ಕ್ರಿಯಾಟಿನಿನ್ ಜೊತೆ ಸೇರಿಸಿ ಲೆಕ್ಕ ಹಾಕುವ ಅನುಪಾತವೊಂದಿದೆ, ಅದು 0.01ಕ್ಕಿಂತ ಕಡಿಮೆ ಇದ್ದರೆ ಆ ಕುಟುಂಬದ ಕಾಯಿಲೆಯ ಶಂಕೆ. ನನ್ನದು 0.028. ಮೂಳೆಯ ಸಾಂದ್ರತೆಯ ಪರೀಕ್ಷೆಯನ್ನೂ ಮತ್ತೆ ಮಾಡಿಸಿದರು. ಹಿಂದೆ ಸೊಂಟ, ಬೆನ್ನು ಮಾತ್ರ ನೋಡಿ, ವಯಸ್ಸಿಗೆ ತಕ್ಕ ಹಾಗೆ ಸವೆದಿದೆ ಎಂದಿದ್ದರು. ಈ ಸಲ ಮುಂಗೈ ಮೂಳೆಯನ್ನೂ ನೋಡಿದರು. ಈ ಕಾಯಿಲೆ ಮೊದಲು ತಿನ್ನುವುದು ಅದನ್ನೇ ಅಂತೆ. ಬೆನ್ನಿನದು ಮೈನಸ್ 1.9, ಮುಂಗೈಯದು ಮೈನಸ್ 2.9. ಮೈನಸ್ 2.5ಕ್ಕಿಂತ ಕೆಳಗಿಳಿದರೆ ಅಸ್ಥಿರಂಧ್ರತೆ. ನಲವತ್ತು ಲೀಟರ್ ಕ್ಯಾನ್‌ಗಳನ್ನು ಎಳೆದಾಡಿದ ಕೈ ಅದು.

ಇಷ್ಟಾದ ಮೇಲೆ ಸ್ಕ್ಯಾನ್ ಕೈಕೊಟ್ಟಿತು. ವಿಕಿರಣದ ಮದ್ದು ಚುಚ್ಚಿ, ಸ್ವಲ್ಪ ಹೊತ್ತಿಗೊಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ಕುತ್ತಿಗೆಯ ಚಿತ್ರ ತೆಗೆಯುವ ಸೆಸ್ಟಾಮಿಬಿ ಸ್ಕ್ಯಾನ್. ಅಡಿನೋಮಾದ, ಅಂದರೆ ಗ್ರಂಥಿಯ ಗಡ್ಡೆಯ, ಕುರುಹಿಲ್ಲ ಎಂದು ವರದಿ. ಮೊದಲು ತೋರಿಸಿದ ಸರ್ಜನ್ ಒಬ್ಬರು, ‘ಕಾಣದ ಗಡ್ಡೆಯನ್ನು ಹೇಗೆ ತೆಗೆಯಲಿ? ಕಂಡಾಗ ಬನ್ನಿ’ ಎಂದರು. ಮಗಳು ಓದಿದ್ದರಲ್ಲಿ ಅಮೆರಿಕದ ಹಡಗಿನ ಕಪ್ತಾನನೊಬ್ಬನ ಕಥೆಯೂ ಇತ್ತು. ಚಾರ್ಲ್ಸ್ ಮಾರ್ಟೆಲ್ ಎಂದು. ಇದೇ ಕಾಯಿಲೆಯಿಂದ ಎತ್ತರವೇ ಕುಸಿದುಹೋದ ಆಳು. ಮತ್ತೆ ಮತ್ತೆ ಕುತ್ತಿಗೆ ಕೊಯ್ದರೂ ಗಡ್ಡೆ ಸಿಗದೆ, 1932ರಲ್ಲಿ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಎದೆಯೊಳಗೆ ಸಿಕ್ಕಿತಂತೆ. ಸಿಕ್ಕ ಮೇಲೆ ಆತ ಹೆಚ್ಚು ದಿನ ಉಳಿಯಲಿಲ್ಲ. ಇದನ್ನು ಅವಳು ನನಗೆ ಹೇಳಬಾರದಿತ್ತು.

ಹಾರ್ಮೋನ್ ಡಾಕ್ಟರು ಮಾತ್ರ ಅಲ್ಲಾಡಲಿಲ್ಲ. ‘ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುವುದು ರಕ್ತದ ಕೆಲಸ. ಎಲ್ಲಿದೆ ಎಂದು ಹೇಳುವುದು ಸ್ಕ್ಯಾನ್ ಕೆಲಸ. ಎಲ್ಲಿದೆ ಎಂದು ಗೊತ್ತಾಗಲಿಲ್ಲ ಎಂದರೆ ಇಲ್ಲ ಎಂದಾಯಿತೇ?’ ಎಂದು, ಇಂಥ ಶಸ್ತ್ರಚಿಕಿತ್ಸೆಯನ್ನೇ ಹೆಚ್ಚಾಗಿ ಮಾಡುವ ಬೇರೊಬ್ಬ ಸರ್ಜನ್ ಹತ್ತಿರ ಕಳುಹಿಸಿದರು. ಅವರು ತಾವೇ ಅಲ್ಟ್ರಾಸೌಂಡ್ ಹಿಡಿದು ಇಪ್ಪತ್ತು ನಿಮಿಷ ನನ್ನ ಕುತ್ತಿಗೆಯನ್ನು ಒತ್ತಿ ಒತ್ತಿ ನೋಡಿದರು. ಎಡಗಡೆ, ಕೆಳಗೆ, ಹನ್ನೊಂದು ಮಿಲಿಮೀಟರ್. ‘ಇಲ್ಲಿ ಕೂತಿದೆ’ ಎಂದು ಪರದೆಯ ಮೇಲೆ ಬೆರಳಿಟ್ಟರು. ನನಗೆ ಅದು ಬರೀ ಬೂದುಬಣ್ಣದ ನೆರಳಿನಂತೆ ಕಂಡಿತು. ಆದರೂ ಎರಡು ವರ್ಷ ನನ್ನನ್ನು ಹುಚ್ಚಿ ಮಾಡಿದ್ದು ಇದೇ ಎಂದು ಕಣ್ಣು ತುಂಬಿತು.

ಖರ್ಚಿನ ಮಾತು ಹೇಳಬೇಕು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿರಬಹುದು. ಆ ಸಲ ನಮ್ಮ ತೋಟದಲ್ಲಿ ಕಾಯಿ ಇತ್ತು. ಕಲ್ಲಾಗುತ್ತದೆ ಎಂದು ಯಾವುದನ್ನು ಬಿಡಿಸಿದ್ದರೋ ಅದರ ದುಡ್ಡಿನಲ್ಲೇ ಶಸ್ತ್ರಚಿಕಿತ್ಸೆ ಆಯಿತು.

2024ರ ಫೆಬ್ರವರಿ. ಕುತ್ತಿಗೆಯ ಮಡಿಕೆಯಲ್ಲಿ ಎರಡು ಅಂಗುಲಕ್ಕಿಂತ ಚಿಕ್ಕ ಗಾಯ. ಗ್ರಂಥಿ ತೆಗೆದು ಹತ್ತು ನಿಮಿಷಕ್ಕೆ, ನಾನು ಇನ್ನೂ ಮೇಜಿನ ಮೇಲಿರುವಾಗಲೇ ರಕ್ತ ಪರೀಕ್ಷಿಸಿದರಂತೆ. ಪಿಟಿಎಚ್ ಆಯುಷ್ಯ ಕೆಲವೇ ನಿಮಿಷ. ಕಳ್ಳಗ್ರಂಥಿ ಸಿಕ್ಕಿದ್ದರೆ ಅರ್ಧಕ್ಕಿಂತ ಕೆಳಗೆ ಬೀಳಬೇಕು. 21ಕ್ಕೆ ಬಿತ್ತು. ಅಕ್ಕಿಕಾಳಿನ ಬದಲು ಅವರೆಕಾಳು ಸಿಕ್ಕಿತ್ತು, ತೂಕ 620 ಮಿಲಿಗ್ರಾಂ. ಸರಿಯಾದ ಗ್ರಂಥಿ ಐವತ್ತು ಮಿಲಿಗ್ರಾಂ ದಾಟುವುದಿಲ್ಲ. ಉಳಿದ ಮೂರು ಆರಾಮಾಗಿದ್ದವು.

ಎರಡನೆಯ ರಾತ್ರಿ ತುಟಿಯ ಸುತ್ತ ಜುಮುಜುಮು ಶುರುವಾಯಿತು, ಆಮೇಲೆ ಬೆರಳ ತುದಿಗಳಲ್ಲಿ. ಚೇಳು ಕುಟುಕಿ ವಿಷ ಇಳಿಯುವ ಹೊತ್ತಿನ ಜೋಮಿನಂತೆ. ಕೋಲಾರಮ್ಮನ ಗುಡಿಯ ಚೇಳಮ್ಮನನ್ನು ನೆನೆದುಕೊಂಡೆ. ಇಷ್ಟು ವರ್ಷ ಹಸಿದಿದ್ದ ಮೂಳೆಗಳು ರಕ್ತದ ಕ್ಯಾಲ್ಸಿಯಂ ಅನ್ನು ಗಬಗಬ ಎಳೆದುಕೊಳ್ಳುತ್ತಿವೆ ಎಂದು ನರ್ಸ್ ಹೇಳಿ, ಕ್ಯಾಲ್ಸಿಯಂ ಮಾತ್ರೆ ಕೊಟ್ಟಳು. ಮುಟ್ಟಬೇಡ ಎಂದಿದ್ದ ಮಾತ್ರೆಯನ್ನೇ ದಿನಕ್ಕೆ ಆರು ನುಂಗಿದೆ. ಮನೆಗೆ ಬಂದ ದಿನ ಅತ್ತೆ ಮುದ್ದೆ ಮಾಡಿ ಅವರೆಕಾಳು ಸಾರು ಬಡಿಸಿದರು. ಕುತ್ತಿಗೆಯ ಪಟ್ಟಿ ಇನ್ನೂ ಇತ್ತು, ನುಂಗಲು ನೋವಾಗುತ್ತಿತ್ತು. ಎರಡು ಮುದ್ದೆ ನುಂಗಿದೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೂಳೆಯ ನೋವು, ರಾತ್ರಿ ಏಳುವುದು ಹೋಯಿತು. ಅಂಕಿ ಮತ್ತೆ ನೆಟ್ಟಗೆ ನಿಲ್ಲುತ್ತವೆ. ಹೆಸರುಗಳು ಮಾತ್ರ ಈಗಲೂ ನಾಲಿಗೆಯ ತುದಿಗೆ ಬಂದು ಕೈಕೊಡುತ್ತವೆ; ಅದು ವಯಸ್ಸಿನದಿರಬಹುದು. ಮೊನ್ನೆ ಹಾಲು ಹಾಕಲು ಬಂದ ಒಬ್ಬಳು ಮೂರನೆಯ ಸಲ ಕಲ್ಲಾಗಿದೆ ಎಂದಳು. ಹಾಲಿನ ರಸೀದಿಯ ಹಿಂದೆ ಎರಡು ಪರೀಕ್ಷೆಗಳ ಹೆಸರು ಬರೆದು, ‘ಒಂದೇ ದಿನ, ಒಂದೇ ಚುಚ್ಚಿಗೆ’ ಎಂದು ಕೆಳಗೆ ಗೆರೆ ಎಳೆದುಕೊಟ್ಟೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ನಮ್ಮ ಬೋರ್‌ವೆಲ್ ನೀರೇ ಸರಿಯಿಲ್ಲ ಅಕ್ಕಾ’ ಎಂದಳು. ಬಹುಶಃ ಅವಳದ್ದು ನೀರಿನದ್ದೇ ಇರಬಹುದು.

ಆರು ತಿಂಗಳ ನಂತರವೂ ಕ್ಯಾಲ್ಸಿಯಂ ಸರಿಯಿದ್ದರೆ ವಾಸಿಯಾಯಿತು ಎಂದು ಲೆಕ್ಕ. 2024ರ ಆಗಸ್ಟ್‌ನಲ್ಲಿ ಕ್ಯಾಲ್ಸಿಯಂ 9.4, ಪಿಟಿಎಚ್ 38. ರಿಜಿಸ್ಟರಿನ ಹಾಳೆಯಲ್ಲಿ ಬರೆದಿಟ್ಟೆ. ಇನ್ನು ವರ್ಷಕ್ಕೊಮ್ಮೆ ಪರೀಕ್ಷೆ ಸಾಕು ಎಂದಿದ್ದಾರೆ. ಹಾಳೆಯಲ್ಲಿ ಏಳು ಗೆರೆ ಖಾಲಿ ಇವೆ, 2031ರವರೆಗೆ ಬರುತ್ತದೆ.